ಸಹಾಯ ಬೇಕು: ಕಾರವಾರದಲ್ಲಿ 4 ಅಡಿಯ ಹಳೇ ಡಿಶ್‌ಗೆ ವಿದೇಶಿ ಚಾನೆಲ್ ಸಿಗುತ್ತಾ?

ಎಲ್ಲರಿಗೂ ನಮಸ್ಕಾರ. ನಾವು ಕಾರವಾರದ ಕೋಡಿಬಾಗದವರು. ಅಪ್ಪ ಇಪ್ಪತ್ತು ವರ್ಷ ಹಡಗಿನಲ್ಲಿ ದುಡಿದವರು, ಅವರಿಗೆ ಜಪಾನಿನ ಎನ್‌ಎಚ್‌ಕೆ ನೋಡೋ ಆಸೆ. ಫೋನಿನ ಸಣ್ಣ ಪರದೆ ಅವರ ಕಣ್ಣಿಗೆ ಆಗಲ್ಲ. ಅದಕ್ಕೇ ಗುಜರಿಯಿಂದ 4 ಅಡಿಯ ಡಿಶ್ ತಂದೆ. ಕಡಲ ಗಾಳಿಗೆ ಬೋಲ್ಟೆಲ್ಲ ತುಕ್ಕು ಹಿಡಿದಿತ್ತು, ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟ ಮೇಲೇ ಬಿಚ್ಚಿಕೊಂಡಿದ್ದು. ಒಂದು ಅಂಚು ಬೆರಳಗಲ ಬಗ್ಗಿದೆ.

ಮೊದಲು ಕೆಯು ಬ್ಯಾಂಡ್ ಎಲ್‌ಎನ್‌ಬಿ (ಡಿಶ್ ಮುಂದೆ ಕೂರಿಸೋ, ಸಿಗ್ನಲ್ ಹಿಡಿಯೋ ಸಾಧನ) ಹಾಕಿ 93.5 ಡಿಗ್ರಿ ಪೂರ್ವದ ಜಿಸ್ಯಾಟ್-15 ಉಪಗ್ರಹಕ್ಕೆ ತಿರುಗಿಸಿದೆ, ಡಿಡಿ ಫ್ರೀ ಡಿಶ್ ಚೆನ್ನಾಗಿಯೇ ಬಂತು. ಆದ್ರೆ ಹೊರದೇಶದ ಉಚಿತ ಚಾನೆಲ್ ಜಾಸ್ತಿ ಇರೋದು ಸಿ ಬ್ಯಾಂಡ್‌ನಲ್ಲಿ (ಕೆಯುಗಿಂತ ಕಡಿಮೆ ಆವರ್ತನದ ಪಟ್ಟಿ) ಅಲ್ವಾ? ಹಾಗಾಗಿ ಸಿ ಬ್ಯಾಂಡ್ ಎಲ್‌ಎನ್‌ಬಿ ಕೊಂಡು, ಬಾಕ್ಸಿನಲ್ಲಿ ಎಲ್‌ಒ (ಎಲ್‌ಎನ್‌ಬಿಗೆ ಹೊಂದೋ ಆವರ್ತನದ ಸೆಟ್ಟಿಂಗ್) 5150 ಕೊಟ್ಟು, ಮೂರು ದಿನದಿಂದ 105.5 ಡಿಗ್ರಿಯ ಏಷ್ಯಾಸ್ಯಾಟ್-7 ಹುಡುಕ್ತಾ ಇದ್ದೇನೆ. ನಮ್ಮಲ್ಲಿಂದ ಅದು ಪೂರ್ವಕ್ಕೆ, ತುಸು ಆಗ್ನೇಯಕ್ಕೆ ವಾಲಿ, ಸುಮಾರು 50 ಡಿಗ್ರಿ ಎತ್ತರದಲ್ಲಿದೆ. ಸರಿಯಾಗಿ ಅಲ್ಲೇ ಪಕ್ಕದ ಮನೆಯ ತೆಂಗಿನಮರ. ಗರಿ ಸರಿದಾಗ ಸಿಗ್ನಲ್ ಒಂದು ಕ್ಷಣ ಏರುತ್ತೆ, ಮತ್ತೆ ಸೊನ್ನೆ.

76.5ರ ಆಪ್‌ಸ್ಟಾರ್-7, 68.5ರ ಇಂಟೆಲ್‌ಸ್ಯಾಟ್-20 ನಮಗೆ ಹೆಚ್ಚುಕಡಿಮೆ ತಲೆ ಮೇಲೇ ಇವೆ, ಮರದ ಅಡ್ಡಿ ಇಲ್ಲ. ಮೊದಲು ಅವನ್ನೇ ಹಿಡಿಯಲಾ? 4 ಅಡಿ ಸಾಕಾಗುತ್ತಾ, ಇಲ್ಲಾ 6 ಅಡಿಯೇ ಬೇಕಾ? ಎಲ್‌ಎನ್‌ಬಿ ಎಷ್ಟು ತಿರುಗಿಸಬೇಕು? ಬಗ್ಗಿದ ಅಂಚನ್ನು ಮರದ ಸುತ್ತಿಗೆಯಲ್ಲಿ ತಟ್ಟಿದರೆ ಆಗುತ್ತಾ?

ಅಂಕೋಲಾ, ಕುಮಟಾ, ಶಿರಸಿ ಕಡೆ ಯಾರಾದ್ರೂ ಇದನ್ನು ಮಾಡಿದ್ದರೆ ದಯವಿಟ್ಟು ಹೇಳಿ. ಮಳೆಗಾಲ ಶುರುವಾದ್ರೆ ಮಾಳಿಗೆ ಹತ್ತೋಕಾಗಲ್ಲ.