ಗೇರುಬೀಜದ ಗೋದಾಮಿನ ಮಾಡು: ತೇಪೆ ಸಾಕೇ, ಹೊಸ ಶೀಟೇ ಬೇಕೇ?

ಪ್ರಶ್ನೆ (ಮಂಗಳೂರು ಸಮೀಪ):
ಸಮುದ್ರದಿಂದ ಎರಡು ಕಿಲೋಮೀಟರ್ ದೂರದ ನಮ್ಮ ಗೋದಾಮಿಗೆ 14 ವರ್ಷಗಳ ಹಿಂದೆ ಹೊದಿಸಿದ ಜಿಂಕ್ ಶೀಟು ಕಳೆದ ಜುಲೈಯಲ್ಲಿ ಸೋರಿ, ಗೋಣಿಗಳ ಮೇಲಿನ ಸಾಲಿಗೆ ಬೂಸ್ಟು ಹಿಡಿದು, ನಾಲ್ಕು ದಿನ ಕೆಲಸವೇ ನಿಂತಿತು. ಈ ಸಲ ಏನು ಮಾಡುವುದು ಲೇಸು?

ಉತ್ತರ 1 (ಫ್ಯಾಬ್ರಿಕೇಶನ್ ಗುತ್ತಿಗೆದಾರ):
ಮೊದಲು ಸ್ಕ್ರೂಗಳನ್ನು ನೋಡಿ. ಸೋರಿಕೆ ಹೆಚ್ಚಾಗಿ ಆರಂಭವಾಗುವುದು ಶೀಟಿನ ನಡುವೆ ಅಲ್ಲ, ಸ್ಕ್ರೂ ತಲೆಯ ಕೆಳಗಿನ ರಬ್ಬರ್ ವಾಷರ್ ಬಿಸಿಲಿಗೆ ಒಣಗಿ ಬಿರುಕು ಬಿಟ್ಟ ಜಾಗದಲ್ಲಿ. ಉಗುರಿನಿಂದ ಒತ್ತಿದಾಗ ಅದು ಪುಡಿಯಾದರೆ ಎಲ್ಲ ವಾಷರುಗಳನ್ನೂ ಬದಲಿಸಬೇಕು. ಆದರೆ ಒಂದು ಶೀಟು ಇನ್ನೊಂದರ ಮೇಲೆ ಕೂರುವ ಜೋಡಣೆಯ ಒಳಭಾಗ ತುಕ್ಕು ಹಿಡಿದಿದ್ದರೆ ತೇಪೆಗೆ ಸುರಿದ ಹಣ ನೀರಿಗೆ ಹಾಕಿದಂತೆಯೇ. ಬದಲಿಸುವುದಾದರೆ ಬರೀ ಸತುವಿನ ಲೇಪಕ್ಕಿಂತ ಶೇ. 55ರಷ್ಟು ಅಲ್ಯೂಮಿನಿಯಂ ಇರುವ ಲೇಪದ ಶೀಟು ಹೆಚ್ಚು ಬಾಳುತ್ತದೆ. ಪರ್ಲಿನ್‌ಗಳನ್ನೂ (ಶೀಟನ್ನು ಹೊರುವ ಅಡ್ಡಪಟ್ಟಿಗಳನ್ನೂ) ತಟ್ಟಿ ನೋಡದೆ ಶೀಟು ಏರಿಸಬೇಡಿ.

ಉತ್ತರ 2 (ಮುದ್ರಣಾಲಯ, ಉಡುಪಿ):
ನಮ್ಮಲ್ಲಿ ಶೀಟು ಗಟ್ಟಿಯಾಗಿಯೇ ಇತ್ತು. ಹಲಸಿನ ಎಲೆ ಕಟ್ಟಿಕೊಂಡ ದಂಬೆಯಿಂದ (ಮಾಡಿನ ಅಂಚಿನಲ್ಲಿ ಮಳೆನೀರು ಹರಿಯುವ ಕಾಲುವೆಯಿಂದ) ನೀರು ಉಕ್ಕಿ ಒಳಗೆ ಬಂದು ಕಾಗದದ ರೀಮುಗಳು ಹಾಳಾದವು. ಹಳೆಯ ಸವೆತದಿಂದಾದ ಸೋರಿಕೆಗೆ ವಿಮೆಯಲ್ಲಿ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲವಾದ್ದರಿಂದ, ಪ್ರತಿ ವರ್ಷ ಮೇ ತಿಂಗಳಿಗೆ ಮೊದಲೇ ಮಾಡಿನ ಫೋಟೊ ತೆಗೆದು ದುರಸ್ತಿಯ ಬಿಲ್ಲಿನೊಂದಿಗೆ ಇಟ್ಟುಕೊಳ್ಳುತ್ತೇನೆ.

ಪ್ರಶ್ನೆ ಕೇಳಿದವರು:
ಇಂದು ಬೆಳಿಗ್ಗೆ ಏಣಿ ಹಾಕಿಸಿ ನೋಡಿದೆ. ವಾಷರ್ ಪುಡಿಯಾಯಿತು, ಪಡುವಣ ಬದಿಯ ಜೋಡಣೆಗಳಲ್ಲಿ ತುಕ್ಕು ಪದರವಾಗಿ ಏಳುತ್ತಿದೆ. ಆ ಬದಿಗೆ ಹೊಸ ಶೀಟು, ಉಳಿದದ್ದಕ್ಕೆ ಹೊಸ ಸ್ಕ್ರೂ ಎಂದು ತೀರ್ಮಾನಿಸಿದ್ದೇನೆ.