ಪದಚರ್ಚೆ: ‘ಫೈರ್‌ಆರ್ಮ್’ ಅಂದರೆ ಬಂದೂಕೇ?

ಪ್ರಶ್ನೆ: ಅಮೆರಿಕದ ಕೇಂದ್ರ ಸರ್ಕಾರದ ಬಂದೂಕು ಕಾಯ್ದೆಗಳ ಇತಿಹಾಸವನ್ನು ಕನ್ನಡಕ್ಕೆ ತರುವಾಗ ‘ಫೈರ್‌ಆರ್ಮ್’ ಎಂಬಲ್ಲೆಲ್ಲ ‘ಬಂದೂಕು’ ಎಂದು ಹಾಕಿದರೆ 1934ರ ಕಾಯ್ದೆಯಲ್ಲಿ ಮಾಮೂಲಿ ಪಿಸ್ತೂಲು ಬಂದೂಕಲ್ಲ, ಸೈಲೆನ್ಸರ್ ಬಂದೂಕು ಎಂದಾಗುತ್ತದೆ. ‘ಅಗ್ನ್ಯಸ್ತ್ರ’ ಸರಿಯೇ? ‘ಶಸ್ತ್ರಾಸ್ತ್ರ’?

ಉತ್ತರ: ಅನುವಾದ ಕೆಟ್ಟಿಲ್ಲ, ಕಾಯ್ದೆಯೇ ಹಾಗಿದೆ. 1934ರ ಮೂಲ ಮಸೂದೆಯಲ್ಲಿ ಪಿಸ್ತೂಲು, ರಿವಾಲ್ವರ್ ಎರಡೂ ಇದ್ದವು. ಅವಕ್ಕೆ ಕಡಿವಾಣ ಬಿದ್ದರೆ ಜನ ಉದ್ದ ಕೋವಿಯನ್ನೇ ಕತ್ತರಿಸಿ ಕೋಟಿನೊಳಗೆ ಇಟ್ಟುಕೊಂಡಾರು ಎಂದು ಗಿಡ್ಡ ನಳಿಗೆಯವನ್ನೂ ಸೇರಿಸಿದ್ದರು. ಕೊನೆಗೆ ಪಿಸ್ತೂಲು ಪಟ್ಟಿಯಿಂದ ಹೋಯಿತು, ಕತ್ತರಿಸಿದ ಕೋವಿ ಉಳಿಯಿತು. ಜೊತೆಗೆ ಮೆಷಿನ್ ಗನ್, ಸೈಲೆನ್ಸರ್. ಆ ಕಾಯ್ದೆ ಇವಕ್ಕೆ ನೋಂದಣಿ ಕಡ್ಡಾಯ ಮಾಡಿತು, ಕೈ ಬದಲಾದಾಗ 200 ಡಾಲರ್ ತೆರಿಗೆ ಹಾಕಿತು. ಈಗಿನ ಅಳತೆಯಲ್ಲಿ ರೈಫಲ್ ನಳಿಗೆ 16 ಇಂಚಿಗಿಂತ, ಶಾಟ್‌ಗನ್ ನಳಿಗೆ 18 ಇಂಚಿಗಿಂತ ಕಡಿಮೆಯಿದ್ದರೆ ‘ಗಿಡ್ಡ’. ಹೊರಗೆ ಕಾಣುವ ಕೊಳವೆಗೆ ಟೇಪು ಹಿಡಿದರೆ ಲೆಕ್ಕ ತಪ್ಪುತ್ತದೆ. ಬೋಲ್ಟ್ (ನಳಿಗೆಯ ಹಿಂತುದಿಯನ್ನು ಮುಚ್ಚುವ ಭಾಗ) ಮುಚ್ಚಿ, ನಳಿಗೆಯ ಬಾಯಿಂದ ಕಡ್ಡಿ ಇಳಿಬಿಟ್ಟು, ಅದು ಬೋಲ್ಟಿಗೆ ತಾಗುವವರೆಗೆ ಅಳೆಯಬೇಕು.

1968ರ ಕಾಯ್ದೆಯ ‘ಫೈರ್‌ಆರ್ಮ್’ ಬೇರೆ. ಸ್ಫೋಟದ ಬಲದಿಂದ ಗುಂಡು ಹಾರಿಸುವುದೆಲ್ಲ ಅದರೊಳಗೆ ಬಂತು, ಪಿಸ್ತೂಲೂ ಸೇರಿ. ಗಾಳಿ ಬಂದೂಕು ಹೊರಗೆ. 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದವೂ ಹೊರಗೆ. ಅಂದರೆ ನಮ್ಮ ಮಲೆನಾಡಿನಲ್ಲಿ ಲೈಸೆನ್ಸ್ ಕೇಳುವ ಕೇಪಿನ ಕೋವಿ ಅಷ್ಟು ಹಳೆಯದಾದರೆ ಅಲ್ಲಿ ‘ಫೈರ್‌ಆರ್ಮ್’ ಅಲ್ಲ! (ಕೊಡಗಿನ ವಿನಾಯಿತಿಯ ಮಾತು ಬೇರೆ.) ಇನ್ನೊಂದು ತೊಡಕು ರಿಸೀವರ್. ಬೋಲ್ಟು, ಕುದುರೆ (ಟ್ರಿಗರ್) ಇವನ್ನು ಹಿಡಿದಿಡುವ ಈ ಒಡಲು ಒಂಟಿಯಾಗಿದ್ದರೂ ‘ಫೈರ್‌ಆರ್ಮ್’; ಸೀರಿಯಲ್ ನಂಬರ್ ಕೊರೆಯುವುದು ಇದರ ಮೇಲೆ. ನಳಿಗೆ, ಹಿಡಿ ಬರೀ ಬಿಡಿಭಾಗ. ರಿಸೀವರನ್ನೂ ‘ಬಿಡಿಭಾಗ’ ಎಂದು ಬರೆದರೆ ಕಾಯ್ದೆ ತಲೆಕೆಳಗಾದಂತೆ.

‘ಅಗ್ನ್ಯಸ್ತ್ರ’ ಎಂದರೆ ಓದುಗರಿಗೆ ಅರ್ಜುನ ಕಾಣುತ್ತಾನೆ, ಬೇಡ. ‘ಶಸ್ತ್ರಾಸ್ತ್ರ’ದೊಳಗೆ ಕತ್ತಿ, ಭರ್ಜಿಗಳೂ ಬಂದವು, ಚೂಪಾದ ಆಯುಧಗಳನ್ನೂ ಒಳಗೊಂಡ ನಮ್ಮ 1959ರ ಕಾಯ್ದೆಗೆ ಅದು ಹೊಂದುತ್ತದೆ, ಇಲ್ಲಿಗಲ್ಲ. ಮಾತಿನ ಓಟದಲ್ಲಿ ‘ಬಂದೂಕು’ ಇರಲಿ. ವ್ಯಾಖ್ಯೆ ಬಂದ ಕಡೆ ‘1934ರ ಫೈರ್‌ಆರ್ಮ್’, ‘1968ರ ಫೈರ್‌ಆರ್ಮ್’ ಎಂದು ಇಸವಿ ಕಟ್ಟಿಯೇ ಬರೆಯಿರಿ. ಕಿವಿಗೆ ಹಿತವಲ್ಲ, ಆದರೆ ಅರ್ಥ ಜಾರುವುದಿಲ್ಲ.

ಮತ್ತೊಂದು ಉತ್ತರ: ಮೇಲಿನದಕ್ಕೆ ಒಪ್ಪಿಗೆ. ಮೆಷಿನ್ ಗನ್ನಿನ ವ್ಯಾಖ್ಯೆಗೆ ಬಂದಾಗ ‘ಕುದುರೆ ಒಮ್ಮೆ ಎಳೆದರೆ’ ಎಂದು ಹಾಕಬೇಡಿ. ಮೂಲದಲ್ಲಿ ಎಳೆತದ ಮಾತಿಲ್ಲ, ‘ಕುದುರೆಯ ಒಂದೇ ಕ್ರಿಯೆಯಿಂದ’ ಒಂದಕ್ಕಿಂತ ಹೆಚ್ಚು ಗುಂಡು ಹಾರಬೇಕು ಎಂದಿದೆ. ಬಂಪ್ ಸ್ಟಾಕ್ (ಗುಂಡು ಹಾರಿದಾಗಿನ ಹಿಂದೊದೆತದಿಂದ ಕುದುರೆ ಮತ್ತೆ ಮತ್ತೆ ಬೆರಳಿಗೆ ತಾಗುವಂತೆ ಮಾಡುವ ಹಿಂಬದಿಯ ಹಿಡಿ) ಹಾಕಿದ ರೈಫಲ್ ಮೆಷಿನ್ ಗನ್ ಅಲ್ಲ ಎಂದು 2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 6–3ರಲ್ಲಿ ತೀರ್ಪಿತ್ತಾಗ ಚರ್ಚೆ ಬಹುಮಟ್ಟಿಗೆ ಈ ‘ಕ್ರಿಯೆ’ ಬೆರಳಿನದೋ ಕುದುರೆಯದೋ ಎಂಬುದರ ಸುತ್ತ ಇತ್ತು. ನೀವು ‘ಎಳೆದರೆ’ ಎಂದರೆ ವಾದಿಸಲು ಏನೂ ಉಳಿಯುವುದಿಲ್ಲ.