ದೊಡ್ಡಪ್ಪ ಹಾಕಿದ ಸಕಾಲದ ಕರಪತ್ರ

ದೊಡ್ಡಪ್ಪ: (ಚಿತ್ರ) ಹಳೇ ಫೈಲಲ್ಲಿ ಸಿಕ್ತು ನೋಡಿ. ಸರ್ಕಾರಿ ಸೇವೆಗಳನ್ನ ಗಡುವಿನೊಳಗೆ ಕೊಡಬೇಕು ಅನ್ನೋ ಕಾಯ್ದೆಯ ಯೋಜನೆ, ಸಕಾಲ, ಶುರುವಾದಾಗಿನದು. 2012ರ ಮಾರ್ಚಲ್ಲಿ ಔರಾದ್, ಧಾರವಾಡ, ಚಿತ್ರದುರ್ಗ, ಪುತ್ತೂರು ತಾಲ್ಲೂಕಲ್ಲಿ ಪ್ರಯೋಗ, ಏಪ್ರಿಲ್ 2ಕ್ಕೆ ಇಡೀ ರಾಜ್ಯಕ್ಕೆ. 11 ಇಲಾಖೆ, 151 ಸೇವೆ. ಒಂದೇ ತಿಂಗಳಲ್ಲಿ!

ರಘು ಅಣ್ಣ: ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ. ಹೋದ ವಾರ ನನ್ನ ಆದಾಯ ಪ್ರಮಾಣಪತ್ರದ ಅರ್ಜಿ ತಿರಸ್ಕಾರ ಆಯ್ತು, ಗಡುವಿಗೆ ಒಂದು ದಿನ ಇರುವಾಗ. "ದಾಖಲೆ ಸರಿಯಿಲ್ಲ" ಅಂತ ಒಂದೇ ಸಾಲು. ಯಾವ ದಾಖಲೆ ಅಂತಾನೇ ಇಲ್ಲ. ಇದನ್ನೂ ಸಕಾಲದಲ್ಲಿ ವಿಲೇವಾರಿ ಅಂತ ಲೆಕ್ಕಕ್ಕೆ ತಗೋತಾರಲ್ಲ?

ದೊಡ್ಡಪ್ಪ: ಮೇಜಿನ ಆ ಕಡೆ ಕೂತು ನಿವೃತ್ತನಾದವನು ನಾನು. ಮುಂಚೆ "ನಾಳೆ ಬಾ" ಅಂದ್ರೆ ಜನ ಸುಮ್ನೆ ವಾಪಸ್ ಹೋಗ್ತಿದ್ರು, ಅರ್ಜಿ ಕೊಟ್ಟಿದ್ದಕ್ಕೆ ಸಾಕ್ಷೀನೇ ಇರ್ತಿರಲಿಲ್ಲ. ಸಕಾಲ ಬಂದ್ಮೇಲೆ ಪ್ರತಿ ಅರ್ಜಿಗೂ 15 ಅಂಕಿಯ ಸಂಖ್ಯೆ ಕೈಗೆ ಬಂತು. ತಡವಾದ್ರೆ ದಿನಕ್ಕೆ 20 ರೂಪಾಯಿ, ಹೆಚ್ಚಂದ್ರೆ 500, ತಡ ಮಾಡಿದವನಿಂದಲೇ ವಸೂಲಿ. ದುಡ್ಡು ಸಣ್ಣದು, ಆದ್ರೆ ತಪ್ಪು ಯಾರದು ಅಂತ ಗೊತ್ತಾಗ್ತಿತ್ತಲ್ಲ, ಅದಕ್ಕೆ ಹೆದರ್ತಿದ್ವಿ.

ನಾನು: ದೊಡ್ಡಪ್ಪ, ಆ ಹೆದರಿಕೆಯಿಂದಲೇ ಈ ತಿರಸ್ಕಾರ ಹುಟ್ಟಿದ್ದು. ತಡ ಆದ್ರೆ ದಂಡ, ಕಾರಣ ಹೇಳದೆ ತಿರಸ್ಕರಿಸಿದ್ರೆ ಏನೂ ಇಲ್ಲ ಅಂದ್ರೆ ಕೆಲಸ ಬಾಕಿ ಇರೋರು ಯಾವ ದಾರಿ ಹಿಡೀತಾರೆ? ಸಂಖ್ಯೆ ಕೊಡದೆ ಅರ್ಜಿ ಇಟ್ಕೊಂಡ್ರಂತೂ ದಿನಗಳ ಎಣಿಕೆಯೇ ಶುರುವಾಗಲ್ಲ. ಎಷ್ಟು ಇಲಾಖೆ, ಎಷ್ಟು ಸೇವೆ ಅನ್ನೋದರ ಪಕ್ಕದಲ್ಲೇ ಎಷ್ಟು ಅರ್ಜಿ ತಿರಸ್ಕಾರ ಆಯ್ತು, ಯಾವ ಕಾರಣಕ್ಕೆ ಅಂತ ಹಾಕ್ಲಿ. ಆಗ ಸಾಧನೆ ಅಂತ ನಾನೂ ಒಪ್ತೀನಿ.

ಚಿಕ್ಕಮ್ಮ: ರಘು, ಮೇಲ್ಮನವಿ ಅಂತ ಏನೋ ಇದೆಯಲ್ವೇನೋ? ಹಾಕಿದ್ಯಾ?

ರಘು ಅಣ್ಣ: ಇಲ್ಲ ಚಿಕ್ಕಮ್ಮ. ಹೊಸ ಅರ್ಜಿನೇ ಹಾಕೋಣ ಅಂತಿದ್ದೆ.

ದೊಡ್ಡಪ್ಪ: ಬೇಡ! ಹೊಸದು ಹಾಕಿದ್ರೆ ಹಳೇದು ಮುಗಿದ ಲೆಕ್ಕದಲ್ಲೇ ಉಳಿಯುತ್ತೆ. ತಿರಸ್ಕಾರ ಆದ್ರೂ 30 ದಿನದೊಳಗೆ ಸಕ್ಷಮ ಅಧಿಕಾರಿಗೆ, ಅಂದ್ರೆ ಮೇಲ್ಮನವಿ ಕೇಳೋಕೆ ನೇಮಿಸಿದ ಮೇಲಧಿಕಾರಿಗೆ, ಮೇಲ್ಮನವಿ ಹಾಕಬಹುದು. ಕಾಯ್ದೆಯಲ್ಲೇ ಇದೆ.

ನಾನು: ನೀವು ಇದ್ದೀರಿ, ನಮಗೆ ಗೊತ್ತಾಯ್ತು. ಆ ಒಂದು ಸಾಲಿನ ಕೆಳಗೆ ಇದನ್ನೂ ಅಚ್ಚು ಹಾಕಿದ್ರೆ ರಘು ಅಣ್ಣನಿಗೆ ಅವತ್ತೇ ಗೊತ್ತಾಗ್ತಿತ್ತಲ್ವಾ?

ದೊಡ್ಡಪ್ಪ: ಆ ಮಾತು ಒಪ್ದೆ. ರಘು, ರಸೀದಿ, ತಿರಸ್ಕಾರದ ಪ್ರತಿ ಎರಡೂ ತಗೊಂಡು ಭಾನುವಾರ ಬೆಳಿಗ್ಗೆ ಬಾ. ಮೇಲ್ಮನವಿ ನಾನು ಬರೆದುಕೊಡ್ತೀನಿ.